ಬಂದೂಕಿನ ಕೈ ಮನೆ ಕಟ್ಟಬಲ್ಲುದೆ?

ಯುದ್ಧ ಮಾಡಲೆಂದೇ ತರಬೇತಾದವರಿಗೆ ಶಾಂತಿಯನ್ನು ಕಾಯುವ ಕೆಲಸವನ್ನು ಒಪ್ಪಿಸಬಹುದೆ? ಕೆಡಹುವ ವಿದ್ಯೆಯನ್ನು ಕಲಿತ ಕೈಗಳಿಂದ ಕಟ್ಟಿಸಬಹುದೆ? ಇದು ಮುತ್ಸದ್ದಿಗಳ ಪ್ರಶ್ನೆ, ನಮಗೇಕೆ ಎಂದು ವಾಚಕರಲ್ಲಿ ಕೆಲವರು ಪುಟ ಮಗುಚಲು ಹೊರಡಬಹುದು. ಸ್ವಲ್ಪ ತಾಳಬೇಕೆಂದು ವಿನಂತಿ. 2025ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಗಾಜಾ ಪ್ರದೇಶಕ್ಕೆ ಅಂತರರಾಷ್ಟ್ರೀಯ ಪಡೆಯೊಂದನ್ನು ಕಳುಹಿಸಲು ಸಮ್ಮತಿಯಿತ್ತಿತು. ಅಂದಿನಿಂದ ಗೋರ್ವಾದ ಕ್ಯಾಂಟೀನುಗಳಲ್ಲಿಯೂ, ರಾತ್ರಿ ಬಾಗಿಲು ಹಾಕಿದ ಮೇಲೆ ಹೋಟೆಲಿನ ಹಿಂದುಗಡೆ ಕೂಡುವ ನಮ್ಮವರ ಗೋಷ್ಠಿಗಳಲ್ಲಿಯೂ ಈ ಮಾತು ಆಗಾಗ ಬರುತ್ತಲಿದೆ. ಮಿಲಿಟರಿಯವರು ಹೋದರೆ ಎಲ್ಲವೂ ಸರಿಹೋದೀತೆಂದು ಒಬ್ಬರೆಂದರೆ, ಮಿಲಿಟರಿ ಹೋದಲ್ಲಿ ಯಾವುದು ಸರಿಯಾದದ್ದುಂಟು ಎಂದು ಇನ್ನೊಬ್ಬರು ಕೇಳುತ್ತಾರೆ. ನಮ್ಮ ನಾಡಿನಲ್ಲಿ ‘ಮಿಲಿಟರಿ’ ಎಂಬ ಮಾತು ಹೋಟೆಲಿನ ಹಲಗೆಯ ಮೇಲೂ ಉಂಟಷ್ಟೆ. ಆದುದರಿಂದ ಈ ವಿಷಯದಲ್ಲಿ ಎರಡು ಮಾತಾಡುವ ಅಧಿಕಾರ ಹೋಟೆಲಿನವರಾದ ನಮಗೂ ಇಲ್ಲದಿಲ್ಲ!

ವಿನೋದ ಹಾಗಿರಲಿ. ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಡಲು ಯತ್ನಿಸಿದವನೊಬ್ಬ ಕನ್ನಡ ನಾಡಿನಲ್ಲಿಯೇ ಹುಟ್ಟಿದ್ದನು. ಅವನ ಕಥೆಯಿಂದಲೇ ಆರಂಭಿಸುವುದು ಯುಕ್ತ.

ಕೊಡಗಿನ ದಂಡನಾಯಕ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಲ್ಲಿ ಕಲಿತು 1926ರಲ್ಲಿ ಸೈನ್ಯಾಧಿಕಾರಿಯಾದರು. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಗೆದ್ದ ಕೀರ್ತಿ ಅವರದು. 1957ರಿಂದ 1961ರ ತನಕ ಭಾರತದ ಭೂಸೇನೆಗೆ ಮುಖ್ಯಸ್ಥರಾಗಿದ್ದರು. ಯುದ್ಧವನ್ನು ಅವರಷ್ಟು ಬಲ್ಲವರು ವಿರಳ. ಆದರೂ ಅವರ ಜೀವಮಾನದ ಮೂರು ಮುಖ್ಯ ಕಾರ್ಯಗಳು ಯುದ್ಧವಲ್ಲ, ಯುದ್ಧದ ಉಚ್ಛಿಷ್ಟವನ್ನು ಬಳಿಯುವ ಕೆಲಸಗಳು.

ಮೊದಲನೆಯದು 1947ರ ಪಂಜಾಬು. ದೇಶ ವಿಭಾಗವಾಗುವಾಗ ಗಡಿ ಜಿಲ್ಲೆಗಳಲ್ಲಿ ಕೊಲೆ ಸುಲಿಗೆಗಳನ್ನು ತಡೆಯಲು ಅದೇ ಆಗಸ್ಟಿನಲ್ಲಿ ‘ಪಂಜಾಬ್ ಗಡಿ ಪಡೆ’ಯನ್ನು ನಿಲ್ಲಿಸಿದರು. ಮೇಜರ್ ಜನರಲ್ ರೀಸ್ ಎಂಬವರು ಅದರ ಮುಖ್ಯಸ್ಥರು. ಭಾರತದ ಪರವಾದ ಸಲಹೆಗಾರರಲ್ಲಿ ತಿಮ್ಮಯ್ಯನವರೂ, ಪಾಕಿಸ್ತಾನದ ಪರವಾದವರಲ್ಲಿ ಅಯೂಬ್ ಖಾನರೂ ಇದ್ದರು. ಹನ್ನೆರಡು ಜಿಲ್ಲೆಗಳು, ಎಣಿಕೆಗೆ ಮೀರಿದ ಹಳ್ಳಿಗಳು. ಪಡೆಯೊಳಗಿನ ಸಿಪಾಯಿಗಳೂ ಅದೇ ಬೆಂಕಿಯಲ್ಲಿ ಬೇಯುತ್ತಿದ್ದ ಜಾತಿಮತಗಳಿಗೆ ಸೇರಿದವರು. ಪೋಲೀಸು ಇಲಾಖೆ ಕುಸಿದಿತ್ತು, ಕಚೇರಿಗಳಲ್ಲಿ ಗುಮಾಸ್ತರಿಲ್ಲ, ಅಧಿಕಾರಿಗಳಲ್ಲಿ ಅರ್ಧ ಮಂದಿ ಆಚೆಗೆ, ಅರ್ಧ ಮಂದಿ ಈಚೆಗೆ. ಸೆಪ್ಟೆಂಬರ್ ಹುಟ್ಟುತ್ತಲೇ ಆ ಪಡೆಯನ್ನು ವಿಸರ್ಜಿಸಬೇಕಾಯಿತು. ಸೈನಿಕನ ಬೆನ್ನ ಹಿಂದೆ ಸರಕಾರವೆಂಬುದು ಇಲ್ಲದಿದ್ದರೆ ಸೈನಿಕನೊಬ್ಬನೇ ಶಾಂತಿಯನ್ನು ಹೊತ್ತು ನಿಲ್ಲಲಾರನೆಂಬ ಪಾಠವನ್ನು ತಿಮ್ಮಯ್ಯನವರು ಅಲ್ಲಿ ಕಲಿತಿರಬೇಕು.

ಆ ಇಬ್ಬರು ಸಲಹೆಗಾರರ ಮುಂದಿನ ದಾರಿಯನ್ನೂ ವಾಚಕರು ಗಮನಿಸತಕ್ಕದ್ದು. ಅಯೂಬ್ ಖಾನರು 1958ರ ಅಕ್ಟೋಬರಿನಲ್ಲಿ ತಮ್ಮ ದೇಶದ ಆಡಳಿತವನ್ನೇ ಕೈವಶ ಮಾಡಿಕೊಂಡು 1969ರ ತನಕ ಆಳಿದರು. ತಿಮ್ಮಯ್ಯನವರು 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬಂದಾಗ ಮಾಡಿದ್ದು ಒಂದೇ: ರಾಜೀನಾಮೆಯನ್ನು ಬರೆದುಕೊಟ್ಟರು, ಪ್ರಧಾನಿ ನೆಹರೂ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಶಾಂತಿಯ ಕೆಲಸಕ್ಕೆ ಯಾವ ತರಹದ ಸೈನಿಕನು ತಕ್ಕವನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಕೊರಿಯಾದಲ್ಲಿ ಗುಂಡಿಲ್ಲದ ಸಾಹಸ

ಎರಡನೆಯದು ಕೊರಿಯಾ. 1953ರ ಜುಲೈ 27ರಂದು ಅಲ್ಲಿ ಕದನವಿರಾಮವಾಯಿತು. ಆದರೆ ವಿಶ್ವಸಂಸ್ಥೆಯ ಕಡೆಯವರ ಸೆರೆಯಲ್ಲಿದ್ದ ಚೀಣೀಯರಲ್ಲಿಯೂ ಕೊರಿಯನರಲ್ಲಿಯೂ 22,000ಕ್ಕೂ ಮಿಕ್ಕಿದ ಕೈದಿಗಳು ತಮ್ಮ ದೇಶಕ್ಕೆ ಮರಳಲು ಒಲ್ಲೆವೆಂದರು. ಎದುರು ಪಕ್ಷದ ಸೆರೆಯಲ್ಲಿಯೂ ಅಂತಹವರು 359 ಮಂದಿ ಇದ್ದರು. ಇವರನ್ನು ಏನು ಮಾಡುವುದು? ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಎಂಬ ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದಾಯಿತು. ಅಧ್ಯಕ್ಷತೆ ತಿಮ್ಮಯ್ಯನವರಿಗೆ ಬಂತು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟರ ಕೈಕೆಳಗೆ ಭಾರತದ ಪಾಲಕ ಪಡೆ ಹೋಯಿತು. ದಕ್ಷಿಣ ಕೊರಿಯದ ಅಧ್ಯಕ್ಷರು ತಮ್ಮ ನೆಲದ ಮೇಲೆ ಭಾರತೀಯ ಸಿಪಾಯಿಯ ಕಾಲೂರಗೊಡೆವೆಂದು ಹಟ ಹಿಡಿದಾಗ, ಹಡಗಿನಿಂದ ಇಳಿದವರನ್ನು ಹೆಲಿಕಾಪ್ಟರುಗಳಲ್ಲಿ ಹಾರಿಸಿಕೊಂಡು ಹೋಗಬೇಕಾಯಿತು!

ಆ ಶಿಬಿರಗಳೊಳಗೆ ಕೈದಿಗಳದೇ ಗುಂಪುಗಳು, ಕೈದಿಗಳದೇ ನಾಯಕರು, ಒಳಗೊಳಗೇ ಹೊಡೆತ ಬಡಿತ. ಒಮ್ಮೆ ಭಾರತದ ಮೇಜರರೊಬ್ಬರನ್ನೇ ಹಿಡಿದು ಒತ್ತೆಯಿಟ್ಟುಕೊಂಡರು. ಆಗ ಥೋರಾಟರು ಗುಂಡು ಹಾರಿಸದೆ, ತಾವೇ ಕೈದಿಗಳ ನಡುವೆ ಹೋಗಿ ಮಾತಾಡಿ ಬಿಡಿಸಿ ತಂದರು. ಗುಂಡು ಹಾರಲೇ ಇಲ್ಲವೆಂದಲ್ಲ; ಬೇರೆ ಸಂದರ್ಭದಲ್ಲಿ ಹಾರಿತು, ಕೆಲವು ಕೈದಿಗಳು ಸತ್ತರು. ಆದರೆ ಅಷ್ಟು ದೊಡ್ಡ ಸಮೂಹವನ್ನು, ಎರಡು ಪಕ್ಷಗಳವರೂ ದೂರುತ್ತಿರುವಾಗ, ನಾಲ್ಕೈದು ತಿಂಗಳು ಕಾಯ್ದು, 1954ರ ಜನವರಿಯಲ್ಲಿ ಲೆಕ್ಕ ಒಪ್ಪಿಸಿ ಹಿಂದಿರುಗಿದುದು ಸಾಮಾನ್ಯವಲ್ಲ. ಎತ್ತಲೂ ಹೋಗಲು ಮನಸ್ಸಿಲ್ಲದ 88 ಮಂದಿ ಕೈದಿಗಳು ನಮ್ಮವರ ಹಡಗಿನಲ್ಲಿಯೇ ಭಾರತಕ್ಕೆ ಬಂದರು. ಆ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು.

ಇದು ಸಾಧ್ಯವಾದದ್ದೇಕೆ? ಕೆಲಸ ಇಷ್ಟೇ ಎಂದು ಗೊತ್ತಿತ್ತು. ಅದು ಮುಗಿಯುವ ತಾರೀಖು ಗೊತ್ತಿತ್ತು. ಹೊಡೆದಾಡಿದ ಎರಡು ಪಕ್ಷಗಳೂ ಕಾಗದದ ಮೇಲೆ ಒಪ್ಪಿ ಸಹಿ ಹಾಕಿದ್ದವು. ದೇಶ ಕಟ್ಟಿರೆಂದು ಆ ಸಿಪಾಯಿಗೆ ಯಾರೂ ಹೇಳಿರಲಿಲ್ಲ.

ಸೈಪ್ರಸ್: ಅರ್ಧ ಜಯ

ಮೂರನೆಯದು ಸೈಪ್ರಸ್ ದ್ವೀಪ. ಅಲ್ಲಿ ಗ್ರೀಕರಿಗೂ ತುರ್ಕರಿಗೂ 1963ರ ಕೊನೆಯಲ್ಲಿ ಹೊಡೆದಾಟವಾಗಿ, ಬ್ರಿಟಿಷ್ ಸೇನಾಧಿಕಾರಿಯೊಬ್ಬನು ನಿಕೋಸಿಯಾ ಪಟ್ಟಣದ ನಕಾಶೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದನು. ಆ ‘ಹಸಿರು ಗೆರೆ’ ಇಂದಿಗೂ ಅಳಿಸಿಲ್ಲ. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಪಡೆ ಅಲ್ಲಿಗೆ ಹೋಯಿತು. ನಿವೃತ್ತರಾಗಿದ್ದ ತಿಮ್ಮಯ್ಯನವರು ಅದೇ ಜುಲೈಯಲ್ಲಿ ಅದರ ದಂಡನಾಯಕರಾದರು. ಮರುತಿಂಗಳೇ ತುರ್ಕಿಯ ವಿಮಾನಗಳು ದ್ವೀಪದ ವಾಯವ್ಯ ಭಾಗದಲ್ಲಿ ಬಾಂಬು ಹಾಕಿದುವು.

ಅಲ್ಲಿಯ ಪಡೆಯ ದಿನಚರಿಯನ್ನು ಕೇಳಿದರೆ ನಮ್ಮ ವಾಚಕರಿಗೆ ಆಶ್ಚರ್ಯವಾದೀತು. ಗೆರೆಯ ಪಕ್ಕದ ಹೊಲದಲ್ಲಿ ಫಸಲು ಕೊಯ್ಯುವ ರೈತನಿಗೆ ಕಾವಲು. ಒಂದು ಮತದವರ ಹಳ್ಳಿಯ ಮೂಲಕ ಇನ್ನೊಂದು ಮತದವರ ವಾಹನಗಳನ್ನು ದಾಟಿಸುವುದು. ನೀರಿನ ಕೊಳವೆ, ವಿದ್ಯುತ್ತು, ಟಪಾಲು ಮೊದಲಾದವುಗಳನ್ನು ಪುನಃ ನಡೆಯಿಸುವ ಬಗ್ಗೆ ಎರಡೂ ಕಡೆಯವರೊಡನೆ ಚೌಕಾಸಿ. ಇಷ್ಟೇ ಅಲ್ಲ, ಸಿಪಾಯಿಗಳು ಮಾತ್ರ ಸಾಲರೆಂದು ಆಸ್ಟ್ರೇಲಿಯಾ, ಆಸ್ಟ್ರಿಯಾ, ಡೆನ್ಮಾರ್ಕ್, ನ್ಯೂಜಿಲೆಂಡ್, ಸ್ವೀಡನ್ ದೇಶಗಳ ನಾಗರಿಕ ಪೋಲೀಸರನ್ನೂ ಅವರೊಡನೆ ನಿಲ್ಲಿಸಿದರು. ಕಳ್ಳತನದ ಫಿರ್ಯಾದಿಗೂ ಕುರಿ ಕಳೆದುಹೋದ ತಂಟೆಗೂ ಫಿರಂಗಿಯಿಂದ ಪ್ರಯೋಜನವೇನು?

1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಕೆಲಸದ ಮೇಲಿರುವಾಗಲೇ ಆ ದ್ವೀಪದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಕಳೇಬರವನ್ನು ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ಸರಕಾರ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಊರಿಗೆ ಹೋದಾಗ ಮಕ್ಕಳನ್ನು ಕರೆದೊಯ್ದು ತೋರಿಸಬೇಕು.

ಆದರೆ ಸತ್ಯವನ್ನು ಹೇಳದೆ ವಿಧಿಯಿಲ್ಲ. ಸಿಪಾಯಿ ಗುಂಡನ್ನು ನಿಲ್ಲಿಸಿದನು. ಮನಸ್ಸುಗಳನ್ನು ಸೇರಿಸಬೇಕಾದವರು ಸೇರಿಸಲಿಲ್ಲ. 1974ರಲ್ಲಿ ಗ್ರೀಸಿನ ಪಕ್ಷದವರ ಕ್ಷಿಪ್ರಕ್ರಾಂತಿ, ಅದರ ಬೆನ್ನಲ್ಲೇ ತುರ್ಕಿಯ ದಂಡಯಾತ್ರೆ, ದ್ವೀಪ ಇಬ್ಭಾಗವಾಯಿತು. ಸುಮಾರು 180 ಕಿಲೋಮೀಟರು ಉದ್ದದ ಬಯಲನ್ನು ಕಾಯುತ್ತ ಆ ಪಡೆ ಅರುವತ್ತು ವರ್ಷಗಳಾಚೆಗೂ ಅಲ್ಲಿಯೇ ಉಳಿಯಿತು. ಜಗಳವಾಡುವ ಇಬ್ಬರು ಗಿರಾಕಿಗಳ ನಡುವೆ ನಮ್ಮ ಸಪ್ಲಾಯರ್ ಹುಡುಗನು ಕೈ ಅಡ್ಡ ಹಿಡಿದು ನಿಲ್ಲಬಹುದು. ಆದರೆ ಅವರು ರಾಜಿಯಾಗುವ ತನಕ ಅವನು ಅಲ್ಲಿಯೇ ನಿಂತರೆ ಉಳಿದ ಮೇಜುಗಳ ಗತಿಯೇನು?

ನಮ್ಮ ಕಲಬುರಗಿ, ನಮ್ಮ ಬೀದರ

ಹೊರಗಿನ ಮಾತು ಸಾಕು. ಸೈನ್ಯವು ಗೆದ್ದು, ಆಮೇಲೆ ಆಡಳಿತವನ್ನೂ ನಡೆಯಿಸಿದ ದೃಷ್ಟಾಂತ ಕನ್ನಡ ನೆಲದಲ್ಲಿಯೇ ಉಂಟು. ಹೈದರಾಬಾದು ಸಂಸ್ಥಾನದಲ್ಲಿ ರಜಾಕಾರರ ಹಾವಳಿ ಮಿತಿಮೀರಿದಾಗ, ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಕಗ್ಗೊಲೆಯೇ ನಡೆಯಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳನುಗ್ಗಿತು. 17ರಂದು ನಿಜಾಮರು ಸೋಲೊಪ್ಪಿದರು. ಐದು ದಿನಗಳ ಕೆಲಸ. ದಂಡಯಾತ್ರೆಯ ನಾಯಕರಾಗಿದ್ದ ಮೇಜರ್ ಜನರಲ್ ಜೆ. ಎನ್. ಚೌಧರಿಯವರೇ ಸೈನಿಕ ಗವರ್ನರರಾದರು.

ಐದು ದಿನಗಳ ಕೆಲಸ ಮುಗಿದ ಮೇಲೆ ಮುಂದಿನದು ಕಠಿನವಾಯಿತು. ರಜಾಕಾರರ ಪಾಪಕ್ಕೆ ಪಾಪವರಿಯದ ಮುಸಲ್ಮಾನ ನೆರೆಹೊರೆಯವರು ಬಲಿಯಾದರು. ವಿಚಾರಣೆಗಾಗಿ ಹೋದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರ ಸಂಖ್ಯೆಯನ್ನು 27,000ದಿಂದ 40,000ದ ವರೆಗೆ ಅಂದಾಜು ಮಾಡಿತು. ಅತ್ಯಂತ ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳೆರಡೂ ಸೇರಿದ್ದುವು. ಉಳಿದೆರಡು ಉಸ್ಮಾನಾಬಾದು, ನಾಂದೇಡ. ಕೆಲವೆಡೆ ಸಿಪಾಯಿಗಳೂ ಪೋಲೀಸರೂ ಲೂಟಿಯಲ್ಲಿ ಕೈಸೇರಿಸಿದರೆಂದೂ, ಅನೇಕ ಕಡೆ ಅಧಿಕಾರಿಗಳು ಶಿಸ್ತಿನಿಂದ ಜನರನ್ನು ಉಳಿಸಿದರೆಂದೂ ಆ ಸಮಿತಿ ಹೇಳಿತು. ಸರಕಾರ ಈ ವರದಿಯನ್ನು ಹಲವು ದಶಕಗಳ ಕಾಲ ಪ್ರಕಟಿಸಲಿಲ್ಲ. ಒಂದೇ ಸೈನ್ಯದಲ್ಲಿ ಎರಡು ತರಹದ ನಡತೆ! ಗೆಲ್ಲುವುದಕ್ಕೆ ಸಾಕಾಗುವ ಶಿಸ್ತು ಗೆದ್ದ ಮೇಲೆ ಸಾಲದೆ ಹೋಗಬಹುದೆಂಬುದು ಇದರಿಂದ ಸ್ಪಷ್ಟ.

ಇನ್ನೊಂದು ಮಗ್ಗುಲನ್ನೂ ನೋಡುವುದು ನ್ಯಾಯ. ಸೈನಿಕ ಗವರ್ನರರ ಕೆಳಗೆ ಆಡಳಿತ ನಡೆಯಿಸಲು ಸಿವಿಲ್ ಅಧಿಕಾರಿ ಡಿ. ಎಸ್. ಬಾಖಲೆಯವರನ್ನೂ, ನೆರೆಯ ಪ್ರಾಂತಗಳಿಂದ ಅನೇಕ ಅಧಿಕಾರಿಗಳನ್ನೂ ತಂದರು. 1949ರಲ್ಲಿ ಜಹಗೀರುಗಳನ್ನು ರದ್ದು ಮಾಡಿದರು. 1950ರ ಜನವರಿ 26ರಿಂದ ಸಿವಿಲ್ ಅಧಿಕಾರಿ ಎಂ. ಕೆ. ವೆಲ್ಲೋಡಿಯವರು ಮುಖ್ಯಮಂತ್ರಿಗಳಾದರು, 1952ರಲ್ಲಿ ಚುನಾವಣೆಯಾಗಿ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲ ಬಂದಿತು. ಜನರಲ್ ಸಾಹೇಬರು ಕುರ್ಚಿಗೆ ಅಂಟಿಕೊಳ್ಳಲಿಲ್ಲ. ಇದು ದೊಡ್ಡ ಮಾತು. ಆದರೂ ಕಟ್ಟುವ ಕೆಲಸ ಮುಗಿಯಿತೆ? 1956ರಲ್ಲಿ ಆ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಅವುಗಳ ಹಿಂದುಳಿಕೆಗೆಂದು ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿದ್ದು 2012ರ ತಿದ್ದುಪಡಿಯಿಂದ. ಗೆಲ್ಲಲು ಐದು ದಿನ. ಕಟ್ಟಲು ಅರುವತ್ತು ವರ್ಷಕ್ಕೂ ಮಿಗಿಲು.

ಸಿಂಹಳದ ಪೆಟ್ಟು

1987ರ ಜುಲೈ 29ರಂದು ಶ್ರೀಲಂಕೆಯೊಡನೆ ಒಪ್ಪಂದವಾಗಿ ಭಾರತದ ‘ಶಾಂತಿಪಾಲನಾ ಪಡೆ’ ಜಾಫ್ನಾಕ್ಕೆ ಹೋಯಿತು. ತಮಿಳು ಹುಲಿಗಳು ಆಯುಧಗಳನ್ನು ಒಪ್ಪಿಸುವರು, ನಮ್ಮ ಜವಾನರು ತೆಗೆದುಕೊಳ್ಳುವರು ಎಂಬುದು ಎಣಿಕೆ. ಒಪ್ಪಂದಕ್ಕೆ ಸಹಿ ಹಾಕಿದವರು ಎರಡು ಸರಕಾರಗಳು. ಆಯುಧ ಹಿಡಿದವರು ಮೂರನೆಯವರು. ಅಕ್ಟೋಬರಿನಲ್ಲಿಯೇ ಕಾದಾಟ ಪ್ರಾರಂಭವಾಯಿತು. ಶಾಂತಿ ಪಾಲಿಸಲು ಹೋದವರು ಬೀದಿ ಬೀದಿಯಲ್ಲಿ ಹೋರಾಡಬೇಕಾಯಿತು. ತಮಿಳರ ಕಣ್ಣಿಗೂ ಸಿಂಹಳೀಯರ ಕಣ್ಣಿಗೂ ಅನ್ಯರಾದರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ಸುಮಾರು 1,200 ಜವಾನರು ಪ್ರಾಣ ತೆತ್ತಿದ್ದರು. ಶೌರ್ಯಕ್ಕೆ ಕೊರತೆಯಿರಲಿಲ್ಲ. ಕೊಟ್ಟ ಕೆಲಸವೇ ಎರಡು ತಲೆಯದಾಗಿತ್ತು. ಮಧ್ಯಸ್ಥನೆಂದು ಕರೆದು, ಒಬ್ಬನ ಕೈಯ ಕೋಲನ್ನು ಕಸಿಯೆಂದರೆ ಅವನು ಮಧ್ಯಸ್ಥನಾಗಿ ಉಳಿಯುವುದೆಂತು?

ಗುಜರಾತದ ಕಣ್ಣೆದುರಿನಲ್ಲಿ

ಈಗ ನಾವು ಅನ್ನ ಉಣ್ಣುತ್ತಿರುವ ನಾಡಿಗೆ ಬರೋಣ. ಅಹಮದಾಬಾದಿನ ಬೀದಿಗಳಿಗೆ 1969ರ ಸೆಪ್ಟೆಂಬರಿನಲ್ಲಿಯೂ 2002ರ ಮಾರ್ಚಿನಲ್ಲಿಯೂ ಸೈನ್ಯವನ್ನು ಇಳಿಸಬೇಕಾಯಿತು. ಸೈನ್ಯದ ಲಾರಿ ಓಣಿಯ ಬಾಯಲ್ಲಿ ನಿಂತಾಗ ಬದುಕಿದೆವೆಂದು ಉಸಿರು ಬಿಟ್ಟವರು ಅನೇಕರು. ಅದನ್ನು ಮರೆಯುವುದು ಕೃತಘ್ನತೆ. 2006ರಲ್ಲಿ ತಾಪಿ ನದಿ ಉಕ್ಕಿ ಸುರತ ಮುಳುಗಿದಾಗಲೂ, 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ನಮ್ಮ ವಡೋದರಾ ಮುಳುಗಿದಾಗಲೂ ಜವಾನರೇ ಬಂದರು. ಅವರಲ್ಲಿ ಇಂಜಿನಿಯರರಿದ್ದಾರೆ, ವೈದ್ಯರಿದ್ದಾರೆ, ರಾತ್ರಿಯೊಳಗೆ ಸೇತುವೆ ಹಾಕಬಲ್ಲವರಿದ್ದಾರೆ. ಇಲ್ಲಿಯ ಸೈನ್ಯದ ಇ.ಎಂ.ಇ. ಶಾಲೆಯವರು ಬ್ರಿಗೇಡಿಯರ್ ಯೂಜಿನ್ ಎಂಬ ಕ್ರೈಸ್ತ ಅಧಿಕಾರಿಯ ಕಾಲದಲ್ಲಿ, 1966ರಲ್ಲಿ, ಅಲ್ಯೂಮಿನಿಯಂ ತಗಡು ಹೊದಿಸಿ ಕಟ್ಟಿದ ದಕ್ಷಿಣಾಮೂರ್ತಿ ದೇವಾಲಯಕ್ಕೆ ನಮ್ಮವರಲ್ಲಿ ಹೋಗದವರಾರು? ಸಿಪಾಯಿಯ ಕೈಗೆ ಕಟ್ಟಲು ಬಾರದೆಂಬುದು ಶುದ್ಧ ಸುಳ್ಳು.

ಹಾಗಾದರೆ ಊರನ್ನು ಕಟ್ಟುವವರಾರು? 1971ರ ಡಿಸೆಂಬರ್ 8ರ ರಾತ್ರಿ ಪಾಕಿಸ್ತಾನದ ವಿಮಾನಗಳು ಭುಜ್ ವಿಮಾನ ನಿಲ್ದಾಣದ ಓಡುದಾರಿಯನ್ನು ಬಾಂಬು ಹಾಕಿ ಕೆಡಿಸಿದುವು. ವಾಯುಪಡೆಯ ಅಧಿಕಾರಿ ವಿಜಯ ಕಾರ್ಣಿಕರಿಗೆ ಕೆಲಸಗಾರರು ಸಾಲಲಿಲ್ಲ. ಪಕ್ಕದ ಮಾಧಾಪರ ಗ್ರಾಮದಿಂದ ಸುಮಾರು 300 ಮಂದಿ ಹೆಂಗಸರು ಬಂದರು. ಸೈರನ್ ಕೂಗಿದಾಗ ಪೊದೆಗಳಲ್ಲಿ ಅಡಗುತ್ತ, ನಿಂತಾಗ ಓಡಿಬಂದು ದುಡಿಯುತ್ತ 72 ಗಂಟೆಗಳಲ್ಲಿ ಓಡುದಾರಿಯನ್ನು ಸರಿಮಾಡಿದರು. ಸೈನ್ಯಕ್ಕೇ ಕಟ್ಟಿಕೊಟ್ಟವರು ಊರ ಹೆಂಗಸರು!

2001ರ ಜನವರಿ 26ರ ಭೂಕಂಪವು ಯುದ್ಧವಲ್ಲದಿದ್ದರೂ ಕಚ್ಛವನ್ನು ಯುದ್ಧಭೂಮಿಯಂತೆಯೇ ಮಾಡಿತ್ತು. ಮೊದಲ ದಿನಗಳಲ್ಲಿ ಕಲ್ಲುರಾಶಿಯಿಂದ ಜೀವಗಳನ್ನು ಎತ್ತಿದವರಲ್ಲಿ ಸೈನಿಕರು ಅಗ್ರಗಣ್ಯರು. ಆ ಬಳಿಕ ಅವರು ಹಿಂದೆ ಸರಿದರು. ರಾಜ್ಯ ಸರಕಾರವು ಫೆಬ್ರವರಿಯಲ್ಲಿಯೇ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು. ಮನೆಯ ಯಜಮಾನನ ಕೈಗೇ ಕಂತು ಕಂತಾಗಿ ಹಣ ಕೊಟ್ಟು, ಗಾರೆಯವರಿಗೆ ಭೂಕಂಪಕ್ಕೆ ಜಗ್ಗದ ಗೋಡೆಯ ಕ್ರಮವನ್ನು ಕಲಿಸಿ, ಇಂಜಿನಿಯರರಿಂದ ಪರೀಕ್ಷೆ ಮಾಡಿಸಿ ಎರಡು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಹೊಸದಾಗಿ ಕಟ್ಟಿಸಿದರು. ಯಾವ ಮನೆಗೆ ಎಲ್ಲಿ ಬಾಗಿಲಿರಬೇಕೆಂದು ಅದರಲ್ಲಿ ವಾಸಿಸುವವನಿಗೆ ಗೊತ್ತಿರುವಷ್ಟು ಹವಾಲ್ದಾರನಿಗೆ ಗೊತ್ತಿರಲಾರದು.

ನಮ್ಮ ಅಭಿಪ್ರಾಯ

ಇಷ್ಟರಿಂದ ನಮಗೆ ತೋರುವುದಿಷ್ಟು. ಶಾಂತಿಯ ಮೊದಲನೆಯ ದಿನಕ್ಕೆ ಸೈನ್ಯ ಬೇಕೇ ಬೇಕು. ಗುಂಡು ಹಾರುತ್ತಿರುವಲ್ಲಿ ಗುಮಾಸ್ತನು ಮೇಜು ಹಾಕಲಾರ, ಭಟ್ಟರು ಒಲೆ ಹಚ್ಚಲಾರರು. ಆದರೆ ನೂರನೆಯ ದಿನಕ್ಕೆ ಸೈನ್ಯವು ತಕ್ಕುದಲ್ಲ. ಹೋಟೆಲಿಗೆ ಬೆಂಕಿ ಬಿದ್ದಾಗ ಬಂಬಿನವರನ್ನು ಕರೆಯುತ್ತೇವೆ. ಬೆಂಕಿ ಆರಿದ ಮೇಲೆ ಅವರನ್ನೇ ಗಲ್ಲೆಯಲ್ಲಿ ಕೂರಿಸುವುದಿಲ್ಲ.

ಪಡೆಯೊಂದನ್ನು ಎಲ್ಲಿಗಾದರೂ ಕಳುಹಿಸುವ ಸುದ್ದಿ ಬಂದಾಗ ವಾಚಕರು ನಾಲ್ಕು ಪ್ರಶ್ನೆ ಕೇಳಬೇಕು. ಆಯುಧ ಹಿಡಿದವರೆಲ್ಲರೂ ಒಪ್ಪಿದ್ದಾರೆಯೆ? ಕೊರಿಯಾದಲ್ಲಿ ಒಪ್ಪಿದ್ದರು, ಜಾಫ್ನಾದಲ್ಲಿ ಇಲ್ಲ. ಕೆಲಸಕ್ಕೆ ಅಳತೆಯೂ ಅವಧಿಯೂ ಉಂಟೆ? ಸೈಪ್ರಸಿನಲ್ಲಿ ಇರಲಿಲ್ಲ. ಸೇನಾಪತಿಯ ಮೇಲೆ ಜನರಿಗೆ ಉತ್ತರ ಹೇಳುವ ಸರಕಾರವಿದೆಯೆ? ಹೈದರಾಬಾದಿನಲ್ಲಿ ಇದ್ದುದರಿಂದಲೇ ಸೈನಿಕ ಆಡಳಿತ ಒಂದೂಕಾಲು ವರ್ಷದಲ್ಲಿ ಮುಗಿಯಿತು. ಕೊನೆಯದಾಗಿ, ಸೈನಿಕನ ಬೆನ್ನಿಗೆ ಪೋಲೀಸನೂ ಗುಮಾಸ್ತನೂ ಗಾರೆಯವನೂ ಬರುತ್ತಿದ್ದಾರೆಯೆ? ಗಾಜಾದ ಪಡೆಗೂ ಇದೇ ಒರೆಗಲ್ಲು.

ಈ ಕೊನೆಯ ಪ್ರಶ್ನೆಯಲ್ಲಿ ನಮ್ಮ ದೇಶ ಒಂದು ಮೇಲ್ಪಂಕ್ತಿ ಹಾಕಿದೆ. 2007ರಲ್ಲಿ ಯುದ್ಧದಿಂದ ಬಳಲಿದ ಲೈಬೀರಿಯಾ ದೇಶಕ್ಕೆ ಭಾರತ ನೂರಕ್ಕೂ ಹೆಚ್ಚು ಮಹಿಳಾ ಪೋಲೀಸರ ದಳವನ್ನು ಕಳುಹಿಸಿತು; ವಿಶ್ವಸಂಸ್ಥೆಯ ಕಾರ್ಯದಲ್ಲಿ ಹೆಂಗಸರದೇ ಆದ ದಳ ಅದೇ ಮೊದಲನೆಯದು. 2016ರ ವರೆಗೆ ಒಂದರ ಹಿಂದೊಂದಾಗಿ ದಳಗಳು ಅಲ್ಲಿ ದುಡಿದುವು. ಅವರನ್ನು ಕಂಡು ಅಲ್ಲಿಯ ಹೆಣ್ಣುಮಕ್ಕಳೂ ಪೋಲೀಸು ಉದ್ಯೋಗಕ್ಕೆ ಮುಂದೆ ಬಂದರು. ನಮ್ಮ ಸರಕಾರವು ಇನ್ನು ಮುಂದೆ ಪಡೆಗಳನ್ನು ಕಳುಹಿಸುವಾಗ ಅವರೊಡನೆ ಇಂತಹ ಪೋಲೀಸರನ್ನೂ, ಕಚ್ಛದಲ್ಲಿ ಅನುಭವ ಪಡೆದಂತಹ ಇಂಜಿನಿಯರರನ್ನೂ ಕಂದಾಯ ಅಧಿಕಾರಿಗಳನ್ನೂ ಕಳುಹಿಸುವುದು ಅವಶ್ಯವೆಂದು ನಾವು ಸೂಚಿಸುತ್ತೇವೆ.

ಕಚೇರಿಯ ಮೇಜಿನೆದುರು ಬೆನ್ನು ಬಾಗಿಸುವ, ಒಲೆಯ ಮುಂದೆ ಬೆವರು ಸುರಿಸುವ ನಮ್ಮ ವಾಚಕರಿಗೆ ಒಂದು ಮಾತು. ಯುದ್ಧ ಮುಗಿದ ಊರಿನಲ್ಲಿ ಮೊದಲು ಬೇಕಾಗುವುದು ಒಂದು ಹೊತ್ತಿನ ಅನ್ನ. ಆಮೇಲೆ ಬೇಕಾಗುವುದು ಕಾಗದ: ಯಾರ ಹೊಲ ಎಲ್ಲಿಯ ತನಕ, ಯಾರ ಗಂಡ ಸತ್ತನು, ಯಾರ ಮಗುವಿನ ವಯಸ್ಸೆಷ್ಟು, ಯಾರಿಗೆಷ್ಟು ರೇಷನ್. ಇವುಗಳನ್ನು ಪಕ್ಷಪಾತವಿಲ್ಲದೆ ಬರೆದಿಡುವವನಿಲ್ಲದ ಊರಿನಲ್ಲಿ ಹೊಲದ ಗಡಿಗಾಗಿ ಮತ್ತೆ ಜಗಳ ಹುಟ್ಟುತ್ತದೆ. ಜೋಜಿಲಾವನ್ನು ಗೆದ್ದ ತಿಮ್ಮಯ್ಯನವರು ಕಡೆಗಾಲದಲ್ಲಿ ಫಸಲಿಗೂ ಟಪಾಲಿಗೂ ಚೌಕಾಸಿ ಮಾಡುವುದನ್ನು ಕೀಳೆಂದು ಎಣಿಸಲಿಲ್ಲ. ಸೈನ್ಯಕ್ಕೆ ಸೇರಹೊರಟ ನಮ್ಮ ಹುಡುಗರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಲಿ. ಸೇರದೆ ಉಳಿದವರು ತಮ್ಮ ಕೆಲಸವನ್ನು ಕಿರಿದೆಂದು ಭಾವಿಸದಿರಲಿ.